ಹೋಸಿಗೊಂದು ದಾರಿ

ಮಿಷಿಗನ್ ರಾಜ್ಯದ ಉತ್ತರದಲ್ಲಿ, ಸುಪೀರಿಯರ್ ಸರೋವರದೊಳಕ್ಕೆ ಚಾಚಿಕೊಂಡಿರುವ ನೆಲಕ್ಕೆ ಕೀವನಾ ಎಂದು ಹೆಸರು. ಅಲ್ಲಿ ಯುಎಸ್ 41 ಹೆದ್ದಾರಿಯ ಪಕ್ಕದಲ್ಲಿ ಮೂವತ್ತು ಅಡಿಗೂ ಮೀರಿದ ಒಂದು ಅಳತೆಗಂಬ ನಿಂತಿದೆ. ಅದು ಹೇಳುವುದು ಹಿಮದ ಲೆಕ್ಕ. 1978–79ರ ಚಳಿಗಾಲದಲ್ಲಿ ಈ ಭಾಗದಲ್ಲಿ ಬಿದ್ದ ಹಿಮ 390.4 ಇಂಚು. ಅಂದರೆ ಮೂವತ್ತೆರಡೂವರೆ ಅಡಿ. ಅಷ್ಟೂ ಒಂದೇ ಸಲ ನೆಲದ ಮೇಲೆ ನಿಂತಿರಲಿಲ್ಲ, ಬೀಳುತ್ತ ಕುಸಿಯುತ್ತ ಇತ್ತು ನಿಜ. ಆದರೂ ಆ ಕಂಬದ ಬುಡದಲ್ಲಿ ನಿಂತು ತಲೆಯೆತ್ತಿ ನೋಡಿದವರಿಗೆ ಈ ಊರಿನವರು ವರ್ಷದಲ್ಲಿ ಐದಾರು ತಿಂಗಳು ಯಾವ ಕೆಲಸದಲ್ಲಿ ಮುಳುಗಿರುತ್ತಾರೆ ಎಂದು ಬೇರೆ ಹೇಳಬೇಕಾಗಿಲ್ಲ.

ಇಷ್ಟೊಂದು ಹಿಮ ಬೀಳುವುದಕ್ಕೆ ಕಾರಣ ಸರೋವರವೇ. ಕೆನಡಾ ಕಡೆಯಿಂದ ಬೀಸುವ ಒಣ ಶೀತಗಾಳಿ ಇನ್ನೂ ಹೆಪ್ಪುಗಟ್ಟದ ನೀರಿನ ಮೇಲೆ ಬಹುದೂರ ಹಾದು ಬರುತ್ತದೆ, ದಾರಿಯುದ್ದಕ್ಕೂ ನೀರಾವಿ ಹೀರುತ್ತದೆ, ದಡದ ಗುಡ್ಡ ಹತ್ತುವಾಗ ಅದನ್ನು ಹಿಮವಾಗಿ ಇಳಿಸುತ್ತದೆ. ಅರಬ್ಬೀ ಸಮುದ್ರದ ಗಾಳಿ ಘಟ್ಟ ಹತ್ತುವಾಗ ಆಗುಂಬೆಯಲ್ಲಿ ಮಳೆಯಾಗುವುದು ಇದೇ ಜಾತಿಯ ವ್ಯವಹಾರ. ಮಳೆ ಹರಿದು ಹೋಗುತ್ತದೆ, ಹಿಮ ಹೋಗುವುದಿಲ್ಲ. ಅದನ್ನು ಯಾರಾದರೂ ತಳ್ಳಲೇಬೇಕು.

ಹೆದ್ದಾರಿ ಮತ್ತು ಬೀದಿಗಳನ್ನು ಸರ್ಕಾರದ ದೊಡ್ಡ ಲಾರಿಗಳು ನೋಡಿಕೊಳ್ಳುತ್ತವೆ. ಅವು ನಸುಕಿನಲ್ಲೇ ಬೀದಿ ಬಳಿದು ಹೋಗುತ್ತವೆ. ಹೋಗುವಾಗ ಪ್ರತಿ ಮನೆಯ ಮುಂದೆ, ಕಾರು ಹೊರಬರುವ ಜಾಗದಲ್ಲಿ, ಮೊಣಕಾಲೆತ್ತರದ ಗಟ್ಟಿ ಹಿಮದ ಒಡ್ಡು ಬಿಟ್ಟುಹೋಗುತ್ತವೆ. ಮನೆಯವರು ಆ ಒಡ್ಡು ಒಡೆದು ಹೊರಗೆ ಬರಬೇಕು. ಆಸ್ಪತ್ರೆಯ ಬೆಳಗಿನ ಪಾಳಿಗೆ ಹೋಗುವ ನರ್ಸು, ವಾರಕ್ಕೆ ಮೂರು ದಿನ ಡಯಾಲಿಸಿಸ್‌ಗೆ ಹೋಗುವ ಅಜ್ಜ, ಶಾಲೆಯ ಬಸ್ಸು ಓಡಿಸುವ ಹೆಂಗಸು, ಇವರಿಗೆಲ್ಲ ಸಲಿಕೆ ಹಿಡಿದು ಒಂದು ಗಂಟೆ ಹೋರಾಡುವಷ್ಟು ಸಮಯವೂ ಇರುವುದಿಲ್ಲ, ಕೆಲವರಿಗೆ ಶಕ್ತಿಯೂ ಇರುವುದಿಲ್ಲ. ಆಗ ಅವರಿಗೆ ದಿಕ್ಕು ಮುಂಭಾಗಕ್ಕೆ ಹಿಮ ತಳ್ಳುವ ಪ್ಲೋ ಕಟ್ಟಿಕೊಂಡ ಪಿಕಪ್ ಗಾಡಿಗಳು. ಪ್ರತಿ ಬೀದಿಯಲ್ಲೂ ಅಂಥ ಒಂದೆರಡು ಗಾಡಿಗಳಿರುತ್ತವೆ. ಅವುಗಳ ಯಜಮಾನರಲ್ಲಿ ಹೆಚ್ಚಿನವರು ಬೇರೆ ಕೆಲಸ ಮಾಡುವವರು, ಇಲ್ಲವೆ ನಿವೃತ್ತರು.

ನಮ್ಮ ಬೀದಿಯಲ್ಲಿ ಆ ಗಾಡಿ ಒಬ್ಬ ಹಿರಿಯರದು. ಶಾಲಾ ಬಸ್ಸುಗಳ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಪಿಕಪ್ ಒಂದು ಕಂಪನಿಯದು, ಪ್ಲೋ ಇನ್ನೊಂದು ಕಂಪನಿಯದು. ಎರಡೂ ಹಳೆಯವು, ಎರಡನ್ನೂ ಬೇರೆ ಬೇರೆ ಕಡೆ ಸೆಕೆಂಡ್‌ಹ್ಯಾಂಡ್ ಕೊಂಡು ಜೋಡಿಸಿದವರು ಅವರೇ. ಹೀಗೆ ಜೋಡಿಸಿದ ಗಾಡಿಗಳ ಒಂದು ಸಣ್ಣ ಭಾಗದ ಬಗ್ಗೆ, ನೂರಕ್ಕೆ ತೊಂಬತ್ತು ಜನ ಕಣ್ಣೆತ್ತಿಯೂ ನೋಡದ ಒಂದು ಕಬ್ಬಿಣದ ತುಂಡಿನ ಬಗ್ಗೆ, ಬರೆಯಬೇಕೆನ್ನಿಸಿದ್ದು ಅವರ ಗ್ಯಾರೇಜಿನಲ್ಲಿ ಕಳೆದ ಸಂಜೆಗಳಿಂದ. ಅದು ಹೈಡ್ರಾಲಿಕ್ ಹೋಸುಗಳನ್ನು ಹಿಡಿದಿಡುವ ಬ್ರಾಕೆಟ್ಟು.

ಮೊದಲು ಯಂತ್ರ ಹೇಗಿದೆ ನೋಡೋಣ. ಪಿಕಪ್ಪಿನ ಚಾಸಿಗೆ ಬಿಗಿದ ಒಂದು ಗಟ್ಟಿ ಚೌಕಟ್ಟು. ಅದಕ್ಕೆ ಎರಡು ಪಿನ್ನುಗಳಲ್ಲಿ ಸಿಕ್ಕಿಸಿದ, ಇಂಗ್ಲಿಷಿನ ಎ ಅಕ್ಷರದ ಆಕಾರದ ಇನ್ನೊಂದು ಚೌಕಟ್ಟು. ಅದರ ಮೂತಿಯಲ್ಲಿ ಏಳೂವರೆ ಅಡಿ ಅಗಲದ ಉಕ್ಕಿನ ಬ್ಲೇಡು. ಬ್ಲೇಡು ಮೂರು ಬಗೆಯಲ್ಲಿ ಅಲುಗಾಡುತ್ತದೆ. ಎ ಚೌಕಟ್ಟಿನ ಸಮೇತ ಮೇಲೆ ಕೆಳಗೆ ಹೋಗುತ್ತದೆ. ಎಡಕ್ಕೂ ಬಲಕ್ಕೂ ಸುಮಾರು 30 ಡಿಗ್ರಿ ತಿರುಗುತ್ತದೆ. ನೆಲದಲ್ಲಿ ಹೂತ ಕಲ್ಲೋ ಮ್ಯಾನ್‌ಹೋಲ್ ಮುಚ್ಚಳವೋ ತಾಗಿದರೆ ಮುಂದಕ್ಕೆ ಮಗುಚಿ, ಸ್ಪ್ರಿಂಗಿನ ಬಲದಲ್ಲಿ ಮತ್ತೆ ನೆಟ್ಟಗಾಗುತ್ತದೆ. ಎಡ ಬಲ ತಿರುಗಿಸುವುದು ಎರಡು ಹೈಡ್ರಾಲಿಕ್ ಸಿಲಿಂಡರುಗಳು. ಒಂದಕ್ಕೆ ಎಣ್ಣೆ ನುಗ್ಗಿದರೆ ಇನ್ನೊಂದರಿಂದ ಎಣ್ಣೆ ಹಿಂದಕ್ಕೆ ಬರುತ್ತದೆ. ಎಣ್ಣೆ ಕಳಿಸುವ ಪಂಪು ಮತ್ತು ಅದರ ಮೋಟಾರು ಪಿಕಪ್ಪಿನ ಕಡೆಯ ಚೌಕಟ್ಟಿನ ಮೇಲೆ ಕೂತಿರುತ್ತವೆ, ಗಾಡಿಯ 12 ವೋಲ್ಟ್ ಬ್ಯಾಟರಿಯಿಂದ ಓಡುತ್ತವೆ. ಪಂಪು ಒಂದು ಕಡೆ, ಸಿಲಿಂಡರು ಇನ್ನೊಂದು ಕಡೆ. ನಡುವೆ ಇರುವುದು ಕಿರುಬೆರಳಿನಷ್ಟು ದಪ್ಪದ ಎರಡು ಹೋಸು.

ಆ ಹೋಸಿನೊಳಗಿನ ಬಲ ಎಷ್ಟು ಎಂದು ಲೆಕ್ಕ ಹಾಕಿದರೆ ಗೌರವ ಬರುತ್ತದೆ. ಇಂಥ ಪ್ಲೋಗಳ ಪಂಪು ಸಾಮಾನ್ಯವಾಗಿ ಚದರ ಇಂಚಿಗೆ 1,750 ಪೌಂಡಿನ ಆಸುಪಾಸಿನ ಒತ್ತಡ ಕೊಡುತ್ತದೆ. ಕಾರಿನ ಟೈರಿನಲ್ಲಿರುವುದು ಮೂವತ್ತು ಚಿಲ್ಲರೆ. ಸಿಲಿಂಡರಿನ ದಂಡದ ದಪ್ಪ ಒಂದೂವರೆ ಇಂಚು ಎಂದಿಟ್ಟುಕೊಂಡರೆ ಅದರ ವಿಸ್ತೀರ್ಣ 1.77 ಚದರ ಇಂಚು. ಅದು ದೂಡುವ ಬಲ ಸುಮಾರು 3,100 ಪೌಂಡ್, ನಮ್ಮ ಲೆಕ್ಕದಲ್ಲಿ 1,400 ಕಿಲೋ. ಜೋಸೆಫ್ ಬ್ರಾಮಾ 1795ರಲ್ಲಿ ಲಂಡನ್ನಿನಲ್ಲಿ ಹೈಡ್ರಾಲಿಕ್ ಪ್ರೆಸ್ಸಿಗೆ ಪೇಟೆಂಟ್ ಪಡೆದ ದಿನದಿಂದ ತತ್ವ ಬದಲಾಗಿಲ್ಲ. ಮುಚ್ಚಿದ ದ್ರವದ ಒಂದು ಮೂಲೆಯಲ್ಲಿ ಒತ್ತಿದ ಒತ್ತಡ ಎಲ್ಲ ಮೂಲೆಗೂ ಅಷ್ಟೇ ಮುಟ್ಟುತ್ತದೆ. ಹಾಗೆ ಮುಟ್ಟುವಾಗ ದಾರಿಯಲ್ಲಿರುವ ಹೋಸಿನ ಗೋಡೆಗೂ ಮುಟ್ಟುತ್ತದೆ. ಬ್ಲೇಡಿನ ಒಂದು ತುದಿ ಫುಟ್‌ಪಾತಿನ ಕಲ್ಲಿಗೆ ಬಡಿದಾಗಲಂತೂ ಸಿಲಿಂಡರಿನೊಳಗೆ ಸಿಕ್ಕಿಬಿದ್ದ ಎಣ್ಣೆಯ ಒತ್ತಡ ಕ್ಷಣದಲ್ಲಿ ಎಗರುತ್ತದೆ. ಹೆಚ್ಚಾದ ಒತ್ತಡ ಹೊರಬಿಡುವ ವಾಲ್ವ್ ಇರುತ್ತದೆ, ಆದರೆ ಅದು ತೆರೆದುಕೊಳ್ಳುವ ಮುಂಚಿನ ಪೆಟ್ಟನ್ನು ತಿನ್ನುವುದು ಹೋಸೇ.

ಹೀಗಿದ್ದರೂ ಹೋಸು ಒಡೆಯುವುದು ಹೆಚ್ಚಾಗಿ ಈ ಒತ್ತಡದಿಂದಲ್ಲ. ಕಾಲಿಂಚು ಒಳವ್ಯಾಸದ, ಒಂದು ಪದರ ಉಕ್ಕಿನ ತಂತಿಯ ಹೆಣಿಗೆಯಿರುವ ಸಾಮಾನ್ಯ ಹೋಸು 2,750 ಪೌಂಡ್ ಒತ್ತಡದಲ್ಲಿ ಕೆಲಸ ಮಾಡಲೆಂದೇ ತಯಾರಾದದ್ದು. ಎರಡು ಪದರದ್ದಾದರೆ 5,000. ಒಡೆಯುವ ಮಿತಿ ಅದರ ನಾಲ್ಕು ಪಟ್ಟು. ಅಂದರೆ ಪಂಪಿನಿಂದ ಅದಕ್ಕೆ ಅಪಾಯವಿಲ್ಲ. ಅಪಾಯ ಹೊರಗಿನಿಂದ.

ಈ ಮಾತನ್ನು ನನಗೆ ಮೊದಲು ಹೇಳಿದವರು ಕೀವನಾದವರಲ್ಲ, ನಮ್ಮ ಕಾಕಾ. ಬೆಳಗಾವಿಯ ಉದ್ಯಮಬಾಗದ ಹತ್ತಿರ ಅವರದು ಹೋಸ್ ಪೈಪ್ ಕತ್ತರಿಸಿ ತುದಿಗೆ ಫಿಟಿಂಗ್ ಒತ್ತಿಕೊಡುವ ಅಂಗಡಿ. ಬೆಳಗಾವಿ ಎಂದರೆ ಹೊರಗಿನವರಿಗೆ ಕುಂದಾ ನೆನಪಾಗಬಹುದು. ಯಂತ್ರದವರಿಗೆ ನೆನಪಾಗುವುದು ಅಲ್ಲಿಯ ಫೌಂಡ್ರಿಗಳು, ಹೈಡ್ರಾಲಿಕ್ ಪಂಪು ಮತ್ತು ವಾಲ್ವ್ ತಯಾರಿಸುವ ಕಾರ್ಖಾನೆಗಳು. ಕಬ್ಬಿನ ಹಂಗಾಮಿನಲ್ಲಿ ಟಿಪ್ಪರ್, ಟ್ರಾಲಿ, ಜೆಸಿಬಿಯವರೆಲ್ಲ ಎಣ್ಣೆ ಸೋರುವ ಪೈಪು ಹಿಡಿದುಕೊಂಡು ಕಾಕಾನ ಅಂಗಡಿಗೆ ಬರುತ್ತಾರೆ. ಇಲ್ಲಿ ರಾತ್ರಿ ಎಂಟಾದರೆ ಅಲ್ಲಿ ಬೆಳಿಗ್ಗೆ ಆರೂವರೆ. ಹಿರಿಯರ ಗ್ಯಾರೇಜಿನಿಂದ ವಿಡಿಯೊ ಕಾಲ್ ಮಾಡಿ, ಒಡೆದ ಹೋಸನ್ನು ಫೋನಿನ ಮುಂದೆ ಹಿಡಿದೆ. ಕಾಕಾ ಚಹಾದ ಕಪ್ಪು ಕೆಳಗಿಟ್ಟು ಹತ್ತಿರದಿಂದ ನೋಡಿದರು.

‘ಪೈಪ್ ಒತ್ತಡಕ್ಕ ಒಡಿಯೂದು ಭಾಳ ಕಡಿಮಿ ತಮ್ಮಾ. ತಿಕ್ಕಿ ಸಾಯತೈತಿ, ತಿರುವಿ ಸಾಯತೈತಿ, ಜೋತುಬಿದ್ದು ಸಾಯತೈತಿ. ಮೊದಲ ಅದಕ್ಕ ದಾರಿ ಮಾಡಿಕೊಡ್ರಿ, ಆಮ್ಯಾಲ ಹೊಸಾದು ಹಾಕ್ರಿ.’

ಹಿರಿಯರಿಗೆ ನಾನು ಇದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಅವರು ತಲೆಯಾಡಿಸಿ, ಹೋಸನ್ನು ಬೆಂಚಿನ ಮೇಲೆ ಮಲಗಿಸಿ ಉದ್ದಕ್ಕೆ ಸೀಳಿದರು. ಒಳಗೆ ಎಣ್ಣೆ ತಡೆಯುವ ರಬ್ಬರಿನ ನಳಿಗೆ, ಅದರ ಮೇಲೆ ಜಡೆಯಂತೆ ಹೆಣೆದ ಉಕ್ಕಿನ ತಂತಿ, ಹೊರಗೆ ಕಪ್ಪು ರಬ್ಬರಿನ ಹೊದಿಕೆ. ಒಂದು ಕಡೆ, ಎರಡು ಇಂಚಿನಷ್ಟು ಉದ್ದಕ್ಕೆ, ಹೊದಿಕೆ ಸವೆದು ತಂತಿ ಹೊರಗೆ ಕಾಣುತ್ತಿತ್ತು. ತಂತಿ ಕೆಂಪಾಗಿತ್ತು. ಉಗುರಿನಿಂದ ಕೆರೆದರೆ ಎಳೆಗಳು ಪುಡಿಪುಡಿಯಾಗಿ ಉದುರಿದವು. ಉಳಿದ ಭಾಗದಲ್ಲಿ ಅದೇ ತಂತಿ ಹೊಸದರ ಹಾಗೆ ಹೊಳೆಯುತ್ತಿತ್ತು. ಹೋಸಿನ ಬಲವೆಲ್ಲ ಆ ತಂತಿಯಲ್ಲಿದೆ. ಹೊದಿಕೆಯ ಕೆಲಸ ತಂತಿಗೆ ನೀರು ತಾಗದಂತೆ ಕಾಯುವುದು. ಇಲ್ಲಿ ತಾಗುವುದು ಬರೀ ನೀರಲ್ಲ, ಉಪ್ಪುನೀರು. ಅಮೆರಿಕದಲ್ಲಿ ರಸ್ತೆಯ ಹಿಮ ಕರಗಿಸಲು ಉಪ್ಪು ಚೆಲ್ಲುವ ಪ್ರಯೋಗ 1938ರಲ್ಲಿ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ ನಡೆಯಿತು. ಆಮೇಲೆ ಅದು ಹಿಮದ ನಾಡುಗಳಲ್ಲೆಲ್ಲ ಹರಡಿತು. ಉಪ್ಪು ಎಷ್ಟೋ ಜೀವ ಉಳಿಸಿದೆ. ಅಷ್ಟೇ ನಿಷ್ಠೆಯಿಂದ ಗಾಡಿಗಳ ಕಬ್ಬಿಣವನ್ನೂ ತಿಂದಿದೆ.

ಹಿರಿಯರ ಗಾಡಿಯಲ್ಲಿ ಹೋಸು ತಿಕ್ಕಿದ್ದು ಎಲ್ಲಿ ಎಂದು ಹುಡುಕುವುದು ಕಷ್ಟವಾಗಲಿಲ್ಲ. ಪ್ಲೋವನ್ನು ಬೇರೆ ಗಾಡಿಯಿಂದ ತೆಗೆದು ತರುವಾಗ ಹೋಸುಗಳನ್ನು ಹಿಡಿಯುವ ಮೂಲ ಭಾಗ ಕಳೆದುಹೋಗಿತ್ತು, ಇದ್ದಿದ್ದರೂ ಈ ಪಿಕಪ್ಪಿಗೆ ಅದು ಕೂರುತ್ತಿರಲಿಲ್ಲ. ಅದರ ಬದಲು ಕೊಕ್ಕೆಯಿರುವ ರಬ್ಬರ್ ಹಗ್ಗವೊಂದರಲ್ಲಿ ಎರಡೂ ಹೋಸನ್ನು ಸೇರಿಸಿ ಮೇಲಕ್ಕೆ ಎಳೆದು ಕಟ್ಟಿದ್ದರು. ಊರಿನ ಅರ್ಧ ಗಾಡಿಗಳಲ್ಲಿ ಇದೇ ಕಾಣುತ್ತದೆ. ಚಳಿ ಮೈನಸ್ ಇಪ್ಪತ್ತಕ್ಕೆ ಇಳಿದಾಗ ಆ ಹಗ್ಗದ ಎಳೆತ ಸತ್ತುಹೋಗುತ್ತದೆ, ಹೋಸು ಇಳಿಬೀಳುತ್ತದೆ, ಬ್ಲೇಡು ಮೇಲೆದ್ದು ತಿರುಗುವಾಗ ಎ ಚೌಕಟ್ಟಿನ ಅಂಚಿಗೂ ಸಿಲಿಂಡರಿಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಪ್ಲಾಸ್ಟಿಕ್ ಟೈ ಹಾಕಿದವರ ಗತಿ ಇದಕ್ಕಿಂತ ಕಡೆ. ಚಳಿಗೆ ಅದು ಗಾಜಿನ ಹಾಗೆ ಮುರಿಯುತ್ತದೆ, ಮುರಿಯದಿದ್ದರೆ ಹೊದಿಕೆಯನ್ನು ಕೊಯ್ಯುತ್ತದೆ.

ಇನ್ನೊಂದು ತೊಂದರೆ ಕಪ್ಲರುಗಳದು. ಪ್ಲೋವನ್ನು ಗಾಡಿಯಿಂದ ಬಿಡಿಸಿ ಅಂಗಳದಲ್ಲಿ ಬಿಡಬೇಕಾದಾಗ ಹೋಸುಗಳನ್ನೂ ಬಿಡಿಸಬೇಕಲ್ಲ. ಅದಕ್ಕೆಂದು ನಡುವೆ ಚಕ್ಕನೆ ಬಿಚ್ಚಿ ಸೇರಿಸುವ ಕಪ್ಲರ್ ಜೋಡಿ ಇರುತ್ತದೆ. ಬಿಚ್ಚಿದ ಮೇಲೆ ಒಂದರ್ಧ ಗಾಡಿಯ ಮುಂದೆ ಜೋತಾಡುತ್ತದೆ, ಇನ್ನೊಂದರ್ಧ ಪ್ಲೋ ಜೊತೆ ಕೆಸರಿನಲ್ಲಿ ಬೀಳುತ್ತದೆ. ಮುಂದಿನ ಸಲ ಸೇರಿಸುವಾಗ ಮರಳಿನ ಒಂದು ಕಣ ಒಳಗೆ ಹೋದರೂ ಸಾಕು, ಎಣ್ಣೆಯ ಜೊತೆ ಅದು ವಾಲ್ವಿಗೆ ಹೋಗಿ ಕೂರುತ್ತದೆ. ನೀರು ಹೋದರೆ ಚಳಿಗೆ ಅಲ್ಲೇ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಬ್ಲೇಡು ತಿರುಗುವುದಿಲ್ಲ. ಅದು ಆಗುವುದು ಯಾವಾಗಲೂ ಬೆಳಗಿನ ನಾಲ್ಕಕ್ಕೆ, ಗಾಳಿ ಮುಖಕ್ಕೆ ಹೊಡೆಯುತ್ತಿರುವಾಗ, ಇನ್ನೂ ಹತ್ತು ಮನೆಯ ಅಂಗಳ ಬಾಕಿಯಿರುವಾಗ.

ಹಾಗಾಗಿ ಬ್ರಾಕೆಟ್ ಎರಡು ಕೆಲಸ ಮಾಡಬೇಕಿತ್ತು. ಗಾಡಿಯ ಕಡೆಯ ಕಪ್ಲರುಗಳನ್ನು ಒಂದೇ ಜಾಗದಲ್ಲಿ ಅಲುಗದಂತೆ ಹಿಡಿಯಬೇಕು. ಅಲ್ಲಿಂದ ಮುಂದೆ ಸಿಲಿಂಡರಿನ ತನಕ ಹೋಸು ಹೋಗುವ ದಾರಿಯನ್ನು ತೀರ್ಮಾನಿಸಬೇಕು. ಮೊದಲನೆಯದು ಸುಲಭ, ಎರಡನೆಯದೇ ವಿದ್ಯೆ.

ಎ ಚೌಕಟ್ಟು ಮೇಲೆ ಕೆಳಗೆ ಆಡುವುದು ಗಾಡಿಯ ಹತ್ತಿರದ ಆ ಎರಡು ಪಿನ್ನುಗಳ ಸುತ್ತ. ಪಿನ್ನಿನಿಂದ ದೂರ ಹೋದಷ್ಟೂ ಚಲನೆ ಹೆಚ್ಚು, ಹತ್ತಿರ ಬಂದಷ್ಟೂ ಕಡಿಮೆ. ಬಾಗಿಲಿನ ಬಿಜಾಗರಿಯ ಪಕ್ಕದಲ್ಲಿ ಬೆರಳಿಟ್ಟು ನೋಡಿದ ಯಾರಿಗೂ ಗೊತ್ತಿರುವ ಸಂಗತಿ ಇದು. ಹೋಸು ಗಾಡಿಯಿಂದ ಎ ಚೌಕಟ್ಟಿಗೆ ದಾಟುವುದು ಪಿನ್ನಿನ ರೇಖೆಗೆ ಹತ್ತಿರದಲ್ಲಾದರೆ ಬ್ಲೇಡು ಎಷ್ಟೇ ಎದ್ದಿಳಿದರೂ ಹೋಸು ಎಳೆದುಕೊಳ್ಳುವುದೂ ಇಲ್ಲ, ಸಡಿಲಾಗಿ ಬೀಳುವುದೂ ಇಲ್ಲ. ಮುಂದೆ ಎಲ್ಲೋ ನಡುವಿನಲ್ಲಿ ದಾಟಿಸಿದರೆ ಪ್ರತಿ ಸಲ ಎತ್ತಿದಾಗಲೂ ಅದು ಹಿಗ್ಗಬೇಕು, ಕುಗ್ಗಬೇಕು. ಮೊದಲು ರಬ್ಬರ್ ಹಗ್ಗ ಕಟ್ಟಿದ್ದು ಸರಿಯಾಗಿ ಆ ನಡುವಿನಲ್ಲೇ. ಬ್ರಾಕೆಟ್ ಎಲ್ಲಿ ಕೂರಬೇಕೆಂದು ಇಷ್ಟರಿಂದಲೇ ಗೊತ್ತಾಯಿತು.

ಹಿರಿಯರು ಕಾರ್ನ್‌ಫ್ಲೇಕ್ಸ್ ಡಬ್ಬದ ರಟ್ಟು ಕತ್ತರಿಸಿ ನಮೂನೆ ಮಾಡಿಕೊಂಡರು. ರಟ್ಟನ್ನು ಚೌಕಟ್ಟಿಗೆ ಟೇಪಿನಲ್ಲಿ ಅಂಟಿಸಿ, ಕಪ್ಲರುಗಳನ್ನು ಕೈಯಲ್ಲಿ ಹಿಡಿದು, ಸ್ಪ್ಯಾನರ್ ಆಡಿಸಲು ಜಾಗ ಇದೆಯೇ, ದಪ್ಪ ಗ್ಲೌಸ್ ಹಾಕಿದ ಕೈ ಎರಡು ಕಪ್ಲರುಗಳ ನಡುವೆ ತೂರುತ್ತದೆಯೇ ಎಂದೆಲ್ಲ ನೋಡಿದರು. ಗ್ಲೌಸಿನ ಮಾತು ಸಣ್ಣದೆನಿಸಬಹುದು. ಮೈನಸ್ ಇಪ್ಪತ್ತರಲ್ಲಿ ಬರಿಗೈಯಲ್ಲಿ ಕಬ್ಬಿಣ ಮುಟ್ಟಿದವರಿಗೆ ಅದು ಸಣ್ಣದಲ್ಲ. ಕಪ್ಲರುಗಳ ನಡುವಿನ ಅಂತರ ಮೂರು ಇಂಚಾಗಿದ್ದು ಆ ಗ್ಲೌಸಿನಿಂದ.

ಕಬ್ಬಿಣ ಯಾವುದು ಎನ್ನುವುದಕ್ಕೂ ಸ್ವಲ್ಪ ಯೋಚನೆ ಬೇಕು. ಇಲ್ಲಿ ಹಳೆಯ ಮಂಚದ ಚೌಕಟ್ಟಿನ ಆಂಗಲ್ ಪುಕ್ಕಟೆಯಾಗಿ ಸಿಗುತ್ತದೆ, ಬಹಳ ಜನ ಅದನ್ನೇ ಬಳಸುತ್ತಾರೆ. ಆದರೆ ಅದು ಗಡುಸು ಉಕ್ಕು. ಡ್ರಿಲ್ ಬಿಟ್ ಸುಟ್ಟುಹೋಗುತ್ತದೆ, ಬಗ್ಗಿಸಲು ಹೋದರೆ ಬಿರಿಯುತ್ತದೆ. ಮೆದು ಉಕ್ಕಿನ ಎರಡು ಇಂಚು ಅಗಲ, ಕಾಲಿಂಚು ದಪ್ಪದ ಪಟ್ಟಿ ಇದಕ್ಕೆ ಸರಿ. ಅದು ತೀರ ಅಗ್ಗ, ಹೇಳಿದ ಹಾಗೆ ಕೇಳುತ್ತದೆ.

ಪಟ್ಟಿಯನ್ನು ಬೆಂಚ್ ವೈಸಿನಲ್ಲಿ ಕಚ್ಚಿಸಿ ಹ್ಯಾಕ್ಸಾದಲ್ಲಿ ಕೊಯ್ದರು. ಗ್ರೈಂಡರ್ ಪಕ್ಕದಲ್ಲೇ ಇತ್ತು. ಇಷ್ಟು ಸಣ್ಣ ಕೆಲಸಕ್ಕೆ ಕಿಡಿ ಹಾರಿಸುವುದು ಅವರಿಗೆ ಇಷ್ಟವಿಲ್ಲ. ತೂತು ಬೀಳಬೇಕಾದಲ್ಲಿ ಪಂಚ್ ಇಟ್ಟು ಒಂದೇ ಪೆಟ್ಟು. ಮೊದಲು ಸಣ್ಣ ಬಿಟ್ಟು, ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ದಪ್ಪವಾಗುವ ಬಿಟ್ಟು, ನಡುನಡುವೆ ಎರಡು ಹನಿ ಎಣ್ಣೆ. ಡ್ರಿಲ್ಲಿನ ವೇಗ ನಿಧಾನ. ಸರಿಯಾದ ವೇಗದಲ್ಲಿ ಕೊರೆದಾಗ ಉಕ್ಕಿನ ಸುರುಳಿ ಉದ್ದಕ್ಕೆ, ಒಂದೇ ದಪ್ಪದಲ್ಲಿ, ಹೊಗೆಯಿಲ್ಲದೆ ಎದ್ದು ಬರುತ್ತದೆ. ಸುರುಳಿ ನೀಲಿಯಾಗಿ ತುಂಡುತುಂಡಾದರೆ ಅವರು ನಿಲ್ಲಿಸಿ ಬಿಟ್ ತಣಿಯಲು ಬಿಡುತ್ತಿದ್ದರು. ಗಾಡಿಯ ಚೌಕಟ್ಟಿಗೆ ಬಿಗಿಯುವ ಕಡೆಯ ತೂತುಗಳನ್ನು ದುಂಡಗೆ ಬಿಡಲಿಲ್ಲ. ಎರಡು ತೂತು ಒಂದಕ್ಕೊಂದು ತಾಗುವಂತೆ ಕೊರೆದು, ನಡುವಿನ ಗೋಡೆಯನ್ನು ಅರದಿಂದ ಉಜ್ಜಿ ತೆಗೆದು, ಉದ್ದನೆಯ ಸೀಳು ಮಾಡಿದರು. ಬ್ರಾಕೆಟ್ಟನ್ನು ಅತ್ತಿತ್ತ ಸರಿಸಲು ಅರ್ಧ ಇಂಚಿನ ಅವಕಾಶ ಬೇಕೇ ಬೇಕು, ಕಾಗದದ ಮೇಲಿನ ಅಳತೆ ಗಾಡಿಯ ಮೇಲೆ ಎಂದೂ ಪೂರ್ತಿ ಒಪ್ಪುವುದಿಲ್ಲ.

ಫೋನಿನಲ್ಲಿ ಇದನ್ನೆಲ್ಲ ನೋಡುತ್ತಿದ್ದ ಕಾಕಾ ಒಂದೇ ಮಾತು ಹೇಳಿದರು. ‘ಬೆರಳಿಗೆ ಚುಚ್ಚೂ ಮೂಲಿ ಪೈಪಿಗೂ ಚುಚ್ಚತೈತಿ. ಅರಾ ಹೊಡೀರಿ.’ ಹಿರಿಯರು ಆಗಲೇ ಅರ ಕೈಗೆತ್ತಿಕೊಂಡಿದ್ದರು. ಮೂಲೆಗಳೆಲ್ಲ ದುಂಡಗಾದವು, ತೂತಿನ ಬಾಯಿಯ ಮುಳ್ಳುಗಳೆಲ್ಲ ಹೋದವು. ಕೊನೆಗೆ ಹೆಬ್ಬೆರಳನ್ನು ಅಂಚಿನ ಮೇಲೆ ಸುತ್ತಲೂ ಓಡಿಸಿ ನೋಡಿದರು. ಮನೆಯಲ್ಲಿ ಮಾಡಿದ ಬ್ರಾಕೆಟ್ಟುಗಳಲ್ಲಿ ಹೆಚ್ಚಿನವು ಸೋಲುವುದು ಇಲ್ಲೇ ಎಂದು ನನ್ನ ಅನಿಸಿಕೆ. ಹೋಸನ್ನು ಕಾಯಲೆಂದು ಮಾಡಿದ ಕಬ್ಬಿಣದ ಅಂಚೇ ಹೋಸನ್ನು ಕೊಯ್ಯುತ್ತದೆ. ಅರಕ್ಕೆ ಹತ್ತು ನಿಮಿಷ ಕೊಡದವರು ಆಮೇಲೆ ಹೋಸಿಗೆ ದುಡ್ಡು ಕೊಡುತ್ತಾರೆ.

ಬಿಗಿಯುವ ವಿಚಾರದಲ್ಲಿ ಹಿರಿಯರು ಬಹಳ ಕಟ್ಟುನಿಟ್ಟು. ಗಾಡಿಯ ಚಾಸಿಗೆ ಹೊಸ ತೂತು ಕೊರೆಯುವುದಿಲ್ಲ. ಭಾರ ಹೊರುವ ಉಕ್ಕಿನಲ್ಲಿ ಬೇಡದ ಜಾಗದ ತೂತು ಬಿರುಕಿಗೆ ಬೀಜವಾಗುತ್ತದೆ. ವೆಲ್ಡಿಂಗೂ ಇಲ್ಲ. ಹತ್ತಿರದಲ್ಲಿ ರಬ್ಬರಿದೆ, ಎಣ್ಣೆಯಿದೆ, ಗಾಡಿಯ ಎಲೆಕ್ಟ್ರಾನಿಕ್ಸ್ ಇದೆ. ಗಾಡಿಯ ಕಡೆಯ ಚೌಕಟ್ಟಿನ ನಳಿಗೆಯನ್ನು ಸುತ್ತಿ ಹಿಡಿಯುವ ಎರಡು ಯು ಬೋಲ್ಟು, ನಡುಗಾಟಕ್ಕೆ ಸಡಿಲವಾಗದ ನೈಲಾನ್ ಉಂಗುರದ ನಟ್ಟು, ಇಷ್ಟರಲ್ಲೇ ಮುಗಿಸಿದರು. ಬೇಡವೆನಿಸಿದ ದಿನ ಬಿಚ್ಚಿದರೆ ಗಾಡಿಯ ಮೇಲೆ ಗುರುತೂ ಉಳಿಯುವುದಿಲ್ಲ. ಬಿಗಿಯುವ ಮೊದಲು ಬ್ರಾಕೆಟ್ಟಿಗೆ ಸತುವಿನ ಪ್ರೈಮರ್, ಅದರ ಮೇಲೆ ಎರಡು ಕೈ ಕಪ್ಪು ಬಣ್ಣ. ಕೊರೆದ ತೂತುಗಳ ಒಳಗೋಡೆಗೂ ಕಡ್ಡಿಯಲ್ಲಿ ಬಣ್ಣ ಮುಟ್ಟಿಸಿದರು. ತುಕ್ಕು ಶುರುವಾಗುವುದು ಬಣ್ಣ ಮುಟ್ಟದ ಅಂಥ ಸಂದಿಗಳಲ್ಲೇ.

ಹೋಸಿನ ಮೈಮೇಲೆ ಉದ್ದಕ್ಕೂ ಒಂದು ಗೆರೆ, ಅದರೊಳಗೆ ಕಂಪನಿಯ ಹೆಸರು, ಅಳತೆ, ಒತ್ತಡದ ಮಿತಿ ಅಚ್ಚಾಗಿರುತ್ತದೆ. ಇದು ಬರೀ ವಿಳಾಸಕ್ಕಾಗಿ ಇರುವುದಲ್ಲ. ಎರಡೂ ತುದಿ ಬಿಗಿದ ಮೇಲೆ ಆ ಗೆರೆ ನೇರವಾಗಿದ್ದರೆ ಹೋಸು ನೆಟ್ಟಗಿದೆ; ಗೆರೆ ಸುತ್ತಿಕೊಂಡು ಹೋಗಿದ್ದರೆ ಬಿಗಿಯುವಾಗ ಹೋಸು ತಿರುಚಿಕೊಂಡಿದೆ ಎಂದರ್ಥ. ತಿರುಚಿದ ಹೋಸಿನಲ್ಲಿ ತಂತಿಯ ಹೆಣಿಗೆ ಒಂದು ಕಡೆ ಸಡಿಲಾಗಿ ಇನ್ನೊಂದು ಕಡೆ ಬಿಗಿಯಾಗುತ್ತದೆ. ಒತ್ತಡ ಬಂದಾಗ ಅದು ನೇರವಾಗಲು ಒದ್ದಾಡುತ್ತದೆ, ಒದ್ದಾಡಿ ಒದ್ದಾಡಿ ಫಿಟಿಂಗನ್ನೇ ಸಡಿಲಿಸುತ್ತದೆ. ಕಾಕಾ ಮೊದಲ ದಿನ ‘ತಿರುವಿ ಸಾಯತೈತಿ’ ಅಂದದ್ದು ಇದಕ್ಕೆ. ಫಿಟಿಂಗ್ ಬಿಗಿಯುವಾಗ ಎರಡು ಸ್ಪ್ಯಾನರ್ ಬೇಕು. ಒಂದು ನಟ್ಟನ್ನು ತಿರುಗಿಸಲು, ಇನ್ನೊಂದು ಹೋಸಿನ ಕಡೆಯ ಭಾಗ ತಿರುಗದಂತೆ ಹಿಡಿಯಲು.

ಒತ್ತಡ ಬಂದಾಗ ಹೋಸಿನ ಉದ್ದವೂ ಬದಲಾಗುತ್ತದೆ. ಹೋಸಿನ ಮಾನದಂಡ ನೂರಕ್ಕೆ ಎರಡರಷ್ಟು ಹಿಗ್ಗುವುದನ್ನೂ ನಾಲ್ಕರಷ್ಟು ಕುಗ್ಗುವುದನ್ನೂ ಒಪ್ಪುತ್ತದೆ. ಆದ್ದರಿಂದ ಎಳೆದು ಕಟ್ಟಿದ ಹೋಸು ನೋಡಲು ಅಚ್ಚುಕಟ್ಟಾಗಿ ಕಂಡರೂ ತಪ್ಪು. ಸ್ವಲ್ಪ ಸಡಿಲು ಬೇಕು, ಆ ಸಡಿಲು ಒಂದು ನಯವಾದ ಕಮಾನಾಗಿ ನಿಲ್ಲಬೇಕು. ಕಾಲಿಂಚಿನ ಹೋಸಿಗೆ ಕಮಾನಿನ ತ್ರಿಜ್ಯ ನಾಲ್ಕು ಇಂಚಿಗಿಂತ ಕಡಿಮೆ ಆಗಕೂಡದು. ಎ ಚೌಕಟ್ಟಿನ ಮೇಲೆ ಹೋಸನ್ನು ಹಿಡಿಯಲು ಒಳಗೆ ರಬ್ಬರ್ ಹಾಸಿದ ಕ್ಲಾಂಪುಗಳನ್ನು ಹಾಕಿದರು, ಅವೂ ಹೋಸು ನೇರವಾಗಿ ಓಡುವ ಕಡೆ ಮಾತ್ರ, ಬಾಗಿನಲ್ಲಿ ಅಲ್ಲ. ಕ್ಲಾಂಪಿನ ಅಳತೆ ಹೋಸಿನ ಹೊರಮೈಗೆ ಸರಿಯಾಗಬೇಕು. ಕಾಲಿಂಚಿನ ಹೋಸೆಂದು ಕಾಲಿಂಚಿನ ಕ್ಲಾಂಪ್ ತಂದರೆ ಅದು ಹತ್ತಿರಕ್ಕೂ ಬರುವುದಿಲ್ಲ. ಹೊರಮೈ ಅರ್ಧ ಇಂಚಿಗೂ ಹೆಚ್ಚಿರುತ್ತದೆ. ಬೆಳಗಾವಿಯಲ್ಲಿ ಇಂಥ ಜಾಗದಲ್ಲಿ ಹಳೆಯ ಸೈಕಲ್ ಟ್ಯೂಬ್ ಸೀಳಿ ಸುತ್ತುತ್ತಾರೆ. ಇಲ್ಲೂ ಒಂದು ಕಡೆ, ಕ್ಲಾಂಪ್ ಕೂರದ ಇಕ್ಕಟ್ಟಿನಲ್ಲಿ, ಹಿರಿಯರು ಅದೇ ಮಾಡಿದರು.

ಆಮೇಲೆ ಅವರು ಗಾಡಿಯನ್ನು ಗ್ಯಾರೇಜಿನಿಂದ ಹೊರಗೆ ತೆಗೆದು ರಾತ್ರಿಯಿಡೀ ಚಳಿಯಲ್ಲಿ ಬಿಟ್ಟರು. ನನಗೆ ಈ ಇಡೀ ಕೆಲಸದಲ್ಲಿ ಅತ್ಯಂತ ಮೆಚ್ಚುಗೆಯಾದದ್ದು ಇದು. ಬೆಚ್ಚಗಿನ ಗ್ಯಾರೇಜಿನಲ್ಲಿ ಹೋಸು ಮೆತ್ತಗಿರುತ್ತದೆ, ಹೇಳಿದ ಕಡೆ ಬಾಗುತ್ತದೆ. ಕೊರೆಯುವ ಚಳಿಯಲ್ಲಿ ಅದೇ ಹೋಸು ಸೆಟೆದುಕೊಂಡು ದೊಡ್ಡ ಕಮಾನು ಬಯಸುತ್ತದೆ. ಗಾಡಿ ದುಡಿಯುವುದು ಚಳಿಯಲ್ಲಿ, ಆದ್ದರಿಂದ ದಾರಿಯ ತೀರ್ಮಾನವೂ ಚಳಿಯಲ್ಲೇ ಆಗಬೇಕು. ಬೆಳಿಗ್ಗೆ ನೋಡಿದರೆ ಬಲಗಡೆಯ ಹೋಸು ಹೆಡ್‌ಲೈಟಿನ ಕಡೆಗೆ ಉಬ್ಬಿ ನಿಂತಿತ್ತು. ಯು ಬೋಲ್ಟ್ ಸಡಿಲಿಸಿ ಬ್ರಾಕೆಟ್ಟನ್ನು ಆ ಉದ್ದನೆಯ ಸೀಳಿನಲ್ಲಿ ಕಾಲಿಂಚು ಸರಿಸಿದರು. ಸರಿಹೋಯಿತು.

ಪರೀಕ್ಷೆಗೆ ಸೀಮೆಸುಣ್ಣ. ಹೋಸು ತಾಗಬಹುದು ಎಂದು ಅನುಮಾನವಿರುವ ಕಬ್ಬಿಣದ ಅಂಚುಗಳಿಗೆಲ್ಲ ಬಿಳಿ ಸೀಮೆಸುಣ್ಣ ಉಜ್ಜಿ, ಬ್ಲೇಡನ್ನು ಎಲ್ಲ ಭಂಗಿಗೂ ತಂದು ನೋಡುವುದು. ಕೆಳಗೆ, ಮೇಲೆ, ಪೂರ್ತಿ ಎಡ, ಪೂರ್ತಿ ಬಲ, ಎತ್ತಿಕೊಂಡು ಎಡ, ಎತ್ತಿಕೊಂಡು ಬಲ. ಕೊನೆಯ ಎರಡನ್ನು ಜನ ಮರೆಯುತ್ತಾರೆ, ಹೋಸು ಸಿಕ್ಕಿಕೊಳ್ಳುವುದು ಅಲ್ಲೇ. ಕಪ್ಪು ಹೋಸಿನ ಮೇಲೆ ಎಲ್ಲಿ ಬಿಳಿ ಬಂತೋ ಅಲ್ಲಿ ತಿಕ್ಕುತ್ತಿದೆ. ಬಿಳಿ ಬರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಟ್ರ್ಯಾಕ್ಟರು, ಜೆಸಿಬಿ, ಟಿಪ್ಪರುಗಳ ಸಹವಾಸವಿರುವ ನಮ್ಮ ಕಡೆಯವರಿಗೂ ಇದು ಅಷ್ಟೇ ಅನ್ವಯಿಸುತ್ತದೆ. ಹೋಸಿನಲ್ಲಿ ಸೋರಿಕೆ ಎಲ್ಲಿದೆ ಎಂದು ಬೆರಳಾಡಿಸಿ ಹುಡುಕಲೇಬಾರದು. ಸೂಜಿಯ ಮೊನೆಯಷ್ಟು ತೂತಿನಿಂದ ಹೊರಬರುವ ಎಣ್ಣೆ ಕಣ್ಣಿಗೂ ಕಾಣದಷ್ಟು ಸಣ್ಣ ಎಳೆಯಾಗಿದ್ದು, ಗ್ಲೌಸನ್ನೂ ಚರ್ಮವನ್ನೂ ತೂರಿ ಒಳಗೆ ಹೋಗುತ್ತದೆ. ಹೊರಗೆ ಕಾಣುವುದು ಮುಳ್ಳು ಚುಚ್ಚಿದಷ್ಟು ಗುರುತು, ಮೊದಮೊದಲು ನೋವೂ ಹೆಚ್ಚಿರುವುದಿಲ್ಲ. ಒಳಗೆ ಎಣ್ಣೆ ಬೆರಳಿನ ಉದ್ದಕ್ಕೂ ಹರಡಿ ಅಂಗಾಂಶವನ್ನು ಕೊಲ್ಲುತ್ತ ಹೋಗುತ್ತದೆ. ನಾಳೆ ನೋಡೋಣ ಎಂದು ಕಾದವರು ಬೆರಳನ್ನೇ, ಕೆಲವೊಮ್ಮೆ ಕೈಯನ್ನೇ ಕಳೆದುಕೊಂಡಿದ್ದಾರೆ. ಗಾಯ ಎಷ್ಟೇ ಸಣ್ಣದಾಗಿ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಿ, ಒತ್ತಡದ ಎಣ್ಣೆ ಒಳಗೆ ಹೋಗಿದೆ ಎಂದು ಬಾಯಿಬಿಟ್ಟು ಹೇಳಬೇಕು. ಶಸ್ತ್ರಚಿಕಿತ್ಸೆ ಬೇಕಾಗುವ ತುರ್ತು ಅದು. ಸೋರಿಕೆ ಹುಡುಕಲು ಒಂದು ರಟ್ಟಿನ ತುಂಡು ಸಾಕು. ಹೋಸಿನುದ್ದಕ್ಕೂ ರಟ್ಟನ್ನು ಆಡಿಸಿದರೆ ಎಣ್ಣೆಯ ಕಲೆ ಮೂಡುತ್ತದೆ. ಕಪ್ಲರ್ ಬಿಚ್ಚುವ ಮೊದಲು ಬ್ಲೇಡನ್ನು ನೆಲಕ್ಕೆ ಇಳಿಸಿ ಒತ್ತಡ ಬಿಡಬೇಕು. ಎಂಜಿನ್ ನಿಲ್ಲಿಸಿದ ಮಾತ್ರಕ್ಕೆ ಒತ್ತಡ ಹೋಗುವುದಿಲ್ಲ.

ಕಪ್ಲರುಗಳು ಈಗ ಗಾಡಿಯ ಮುಂದೆ ಪಕ್ಕಪಕ್ಕದಲ್ಲಿ ಅಲುಗದೆ ಕೂತಿವೆ. ಎಡಗಡೆಯದಕ್ಕೆ ಕೆಂಪು ಟೇಪು, ಬಲಗಡೆಯದಕ್ಕೆ ಹಳದಿ. ಎದುರಿನ ಹೋಸಿಗೂ ಅದೇ ಬಣ್ಣ. ಅದಲುಬದಲಾದರೆ ಎಡಕ್ಕೆ ಗುಂಡಿ ಒತ್ತಿದಾಗ ಬ್ಲೇಡು ಬಲಕ್ಕೆ ತಿರುಗುತ್ತದೆ, ಕತ್ತಲಲ್ಲಿ ನಿಲ್ಲಿಸಿದ ಕಾರಿನ ಪಕ್ಕದಲ್ಲಿ ಅದು ಆಗಬಾರದು. ಎ ಚೌಕಟ್ಟಿನ ಮೇಲೆ ಎರಡು ಕುರುಡು ಗೂಟಗಳನ್ನೂ ಅವರು ಬಿಗಿದಿದ್ದಾರೆ. ಪ್ಲೋ ಬಿಡಿಸಿದಾಗ ಅದರ ಕಡೆಯ ಕಪ್ಲರುಗಳು ಕೆಸರಿಗೆ ಬೀಳದ ಹಾಗೆ ಆ ಗೂಟಗಳಿಗೆ ಸಿಕ್ಕಿಸುವ ವ್ಯವಸ್ಥೆ ಅದು. ನನ್ನ ಮಟ್ಟಿಗೆ ಬ್ರಾಕೆಟ್ಟಿಗಿಂತ ಜಾಣ ಭಾಗ ಇದೇ.

ಈ ಕೆಲಸಕ್ಕೆ ಅಂಗಡಿಯಲ್ಲಿ ಸಿದ್ಧ ಭಾಗ ಸಿಗುವುದಿಲ್ಲವೇ ಎಂದು ಕೇಳಬಹುದು. ಹೊಸ ಗಾಡಿಗೆ ಅದಕ್ಕೆಂದೇ ಮಾಡಿದ ಹೊಸ ಪ್ಲೋ ಕೊಂಡರೆ ಸಿಗುತ್ತದೆ, ಚೆನ್ನಾಗಿಯೂ ಇರುತ್ತದೆ. ಕುದುರೆ ಎಳೆಯುವ ಪ್ಲೋ ಮಿಲ್ವಾಕಿ ನಗರದ ಬೀದಿಗಿಳಿದದ್ದು 1862ರಲ್ಲಿ. ಆ ದಿನದಿಂದ ಇಲ್ಲಿಯ ಕಾರ್ಖಾನೆಗಳು ಈ ಯಂತ್ರವನ್ನು ಬಹಳ ದೂರ ತಂದಿವೆ, ಉತ್ತರ ಮಿಷಿಗನ್ನಿನ ಐರನ್ ಮೌಂಟನ್ ಊರಿನಲ್ಲೇ ಅಂಥ ದೊಡ್ಡ ಕಾರ್ಖಾನೆಯಿದೆ. ಆದರೆ ನಮ್ಮಂಥ ಬೀದಿಗಳ ಅಂಗಳ ಬಳಿಯುವುದು ಹೊಸ ಗಾಡಿಗಳಲ್ಲ. ಒಂದು ಕಂಪನಿಯ ಪಿಕಪ್ಪು, ಇನ್ನೊಂದರ ಪ್ಲೋ, ಮೂರನೆಯದರ ಪಂಪು ಸೇರಿದ ಗಾಡಿಗೆ ಯಾವ ಕಾರ್ಖಾನೆಯೂ ಬ್ರಾಕೆಟ್ ಮಾಡಿಡುವುದಿಲ್ಲ. ಅದನ್ನು ಆ ಗಾಡಿಯ ಮುಂದೆ ಮಂಡಿಯೂರಿ ಕೂತವರೇ ಮಾಡಬೇಕು.

ಜನವರಿಯಲ್ಲಿ ಹ್ಯಾನ್‌ಕಾಕ್ ಊರಿನ ಕಡೆಯ ಇನ್ನೊಬ್ಬ ಪ್ಲೋ ಯಜಮಾನರು ಬಂದು ಬ್ರಾಕೆಟ್ ನೋಡಿ, ತಮಗೂ ಅಂಥದ್ದೇ ಒಂದು ಬೇಕೆಂದರು, ಅಳತೆ ಬರೆದುಕೊಡಿ ಎಂದರು. ಹಿರಿಯರು ಅಳತೆ ಕೊಡಲಿಲ್ಲ. ಗಾಡಿಯನ್ನೇ ತರಲು ಹೇಳಿದರು. ಬಂದವರ ಪ್ಲೋನಲ್ಲಿ ಪಂಪು ಇರುವುದು ಗಾಡಿಯ ಮೇಲಲ್ಲ, ಎ ಚೌಕಟ್ಟಿನ ಮೇಲೇ. ಹಾಗಾಗಿ ಹೋಸು ಪಿನ್ನಿನ ರೇಖೆಯನ್ನು ದಾಟುವುದೇ ಇಲ್ಲ, ದಾಟುವುದು ವಿದ್ಯುತ್ ವೈರು. ಅಲ್ಲಿ ಹಿಡಿದಿಡಬೇಕಾದ್ದು ಆ ವೈರಿನ ಪ್ಲಗ್ಗನ್ನು, ಹೋಸಿಗೆ ಬೇಕಾದದ್ದು ಸಿಲಿಂಡರಿನ ಬುಡದಲ್ಲಿ ಎರಡು ಕ್ಲಾಂಪು ಮಾತ್ರ. ಹಿರಿಯರು ಹೊಸ ರಟ್ಟಿನ ಡಬ್ಬವೊಂದನ್ನು ಬಿಚ್ಚಿ ಕತ್ತರಿ ಹುಡುಕತೊಡಗಿದರು.